ಮಾತೃಭಾಷೆ ಅಪರಾಧವಾದ ಕಾಲ

ಎಲೆಕೋಸನ್ನು ಎಳೆಎಳೆಯಾಗಿ ಹೆಚ್ಚಿ, ಉಪ್ಪು ಬೆರೆಸಿ, ಪೀಪಾಯಿಯಲ್ಲಿ ಒತ್ತಿ ತುಂಬಿ ಕೆಲವು ವಾರ ಮುಚ್ಚಿಟ್ಟರೆ ಅದು ತಾನಾಗಿಯೇ ಹುಳಿಯೇರುತ್ತದೆ. ಜರ್ಮನರು ಇದನ್ನು ‘ಸೌವರ್‌ಕ್ರೌಟ್’ ಎನ್ನುತ್ತಾರೆ. ನಮ್ಮ ಕರಾವಳಿಯ ಮನೆಗಳಲ್ಲಿ ಮಳೆಗಾಲಕ್ಕೆಂದು ಭರಣಿಯಲ್ಲಿ ಹಾಕಿಡುವ ಉಪ್ಪುಸೊಳೆ, ಮಾವಿನಮಿಡಿಗಳು ನಮಗೆ ಹೇಗೋ, ಹಾಗೆಯೇ ಇದು ಅವರಿಗೆ. ಹುಟ್ಟಿದೂರನ್ನು ಬಿಟ್ಟು ಸಮುದ್ರ ದಾಟಿದವನಿಗೆ ತಾಯಿಯ ಕೈರುಚಿಯನ್ನು ನೆನಪಿಸುವ ಬಡವರ ಪದಾರ್ಥ.

1918ರ ಅಮೇರಿಕದಲ್ಲಿ ಈ ನಿರಪರಾಧಿ ಕೋಸಿನ ಮೇಲೆ ದ್ರೋಹದ ಕಳಂಕ ಬಂದಿತು. ಹೆಸರು ಶತ್ರುವಿನ ಭಾಷೆಯದೆಂಬ ಒಂದೇ ಕಾರಣದಿಂದ ಗಿರಾಕಿಗಳು ಅದನ್ನು ಕೊಳ್ಳಲು ಹಿಂಜರಿದರು. ದಿಕ್ಕುತೋಚದ ವರ್ತಕರು ಅದಕ್ಕೆ ‘ಲಿಬರ್ಟಿ ಕ್ಯಾಬೇಜ್’, ಎಂದರೆ ‘ಸ್ವಾತಂತ್ರ್ಯ ಕೋಸು’ ಎಂದು ಮರುನಾಮಕರಣ ಮಾಡಿದರು. ಹ್ಯಾಂಬರ್ಗ್ ನಗರದ ಹೆಸರನ್ನು ಹೊತ್ತ ಹ್ಯಾಂಬರ್ಗರ್ ‘ಲಿಬರ್ಟಿ ಸ್ಟೇಕ್’ ಆಯಿತು. ಗಿಡ್ಡ ಕಾಲಿನ ಡ್ಯಾಕ್ಸ್‌ಹುಂಡ್ ಜಾತಿಯ ನಾಯಿಗೂ ‘ಸ್ವಾತಂತ್ರ್ಯ’ದ ಬಿರುದು ದೊರೆಯಿತು. ಮಕ್ಕಳಿಗೆ ಬರುವ ‘ಜರ್ಮನ್ ದಡಾರ’ ಕೂಡ ‘ಸ್ವಾತಂತ್ರ್ಯ ದಡಾರ’ವಾಯಿತು!

ನ್ಯೂಯಾರ್ಕಿನ 14ನೆಯ ಬೀದಿಯಲ್ಲಿ ‘ಲ್ಯೂಕೋವ್ಸ್’ ಎಂಬ ಪ್ರಸಿದ್ಧ ಜರ್ಮನ್ ಹೋಟೆಲಿತ್ತು. ಅದರ ಹೆಸರನ್ನು ಬರೆಯುವಾಗ ಒಂದು ಅಕ್ಷರದ ನೆತ್ತಿಯ ಮೇಲೆ ಜರ್ಮನ್ ಪದ್ಧತಿಯಂತೆ ಎರಡು ಚುಕ್ಕೆಗಳನ್ನು ಇಡುತ್ತಿದ್ದರು. ಯುದ್ಧ ಬಂದೊಡನೆ ಆ ಎರಡು ಚುಕ್ಕೆಗಳನ್ನು ಅಳಿಸಬೇಕಾಯಿತು. ಅವು ಮರಳಿ ಬೋರ್ಡನ್ನೇರಿದ್ದು 1950ರ ದಶಕದಲ್ಲಿ. ಹೋಟೆಲು ನಡೆಸಿ ಬಂದ ನನಗೆ ಈ ಸಂಗತಿಯನ್ನು ಓದಿದಾಗ ನಗು ಬರಲಿಲ್ಲ. ಗಲ್ಲೆಯ ಮೇಲೆ ಕುಳಿತವನಿಗೆ ಬೋರ್ಡಿನ ಮೇಲಿನ ಹೆಸರೆಂದರೆ ಏನೆಂಬುದು ಗೊತ್ತು. ಅದರ ಎರಡು ಚುಕ್ಕೆಗಳನ್ನು ಅಳಿಸಲು ಏಣಿ ಹತ್ತಿಸುವವನ ಮನಸ್ಸಿನಲ್ಲಿ ಎಷ್ಟು ಭಯ ಹೊಕ್ಕಿರಬೇಕು ಎಂಬುದನ್ನೂ ಊಹಿಸಬಲ್ಲೆ.

ಊಟದ ಪಟ್ಟಿಯಿಂದ ಆರಂಭವಾದ ಈ ಉನ್ಮಾದವು ಮನುಷ್ಯನ ಕೊರಳವರೆಗೆ ಹೋದುದು ಹೇಗೆಂಬುದನ್ನು ನಮ್ಮ ವಾಚಕರು ತಿಳಿಯುವುದು ಅವಶ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಪರಸ್ಥಳದಲ್ಲಿ ಅನ್ನ ಸಂಪಾದಿಸುವವರಿಗೆ ಇದು ದೂರದ ಕಥೆಯಲ್ಲ.

ಯಾರು ಈ ಜರ್ಮನರು?

ಅಮೇರಿಕಕ್ಕೆ ಜರ್ಮನರು ಹೊಸಬರಾಗಿರಲಿಲ್ಲ. ಅಲ್ಲಿ ಸ್ವತಂತ್ರ ರಾಷ್ಟ್ರವೇ ಹುಟ್ಟುವುದಕ್ಕೆ ಸುಮಾರು ನೂರು ವರ್ಷ ಮೊದಲು, 1683ರಲ್ಲಿ, ಅವರು ಪೆನ್ಸಿಲ್ವೇನಿಯದಲ್ಲಿ ‘ಜರ್ಮನ್‌ಟೌನ್’ ಎಂಬ ಊರನ್ನು ಕಟ್ಟಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಲಕ್ಷಗಟ್ಟಲೆ ಜನ ಬಂದರು. ಮಿಲ್ವಾಕೀ, ಸೇಂಟ್ ಲೂಯಿಸ್, ಸಿನ್ಸಿನಾಟಿ ಮುಂತಾದ ನಗರಗಳಲ್ಲಿ ರೊಟ್ಟಿಯ ಭಟ್ಟಿಗಳೂ ಬಿಯರಿನ ಕಾರಖಾನೆಗಳೂ ಹೆಚ್ಚಾಗಿ ಅವರವೇ. ಮಧ್ಯಪಶ್ಚಿಮದ ಬಯಲುಗಳಲ್ಲಿ ನೆಲ ಉತ್ತು ಗೋಧಿ ಬೆಳೆದವರಲ್ಲಿಯೂ ಅವರು ಬಹುಮಂದಿ. 1910ರ ಜನಗಣತಿಯ ಪ್ರಕಾರ ಅಮೇರಿಕದ 9 ಕೋಟಿ 20 ಲಕ್ಷ ಜನರಲ್ಲಿ ಸುಮಾರು 25 ಲಕ್ಷ ಮಂದಿ ಜರ್ಮನಿಯಲ್ಲಿಯೇ ಹುಟ್ಟಿದವರು. ಅವರ ಮಕ್ಕಳನ್ನೂ ಸೇರಿಸಿದರೆ ಈ ಸಂಖ್ಯೆ 80 ಲಕ್ಷವನ್ನು ಮೀರುತ್ತಿತ್ತು.

ಇವರಿಗೆ ತಮ್ಮವೇ ಆದ ಶಾಲೆಗಳಿದ್ದವು, ಇಗರ್ಜಿಗಳಿದ್ದವು, ಗಾಯನ ಸಂಘಗಳಿದ್ದವು, ವ್ಯಾಯಾಮ ಶಾಲೆಗಳಿದ್ದವು. 1910ರಲ್ಲಿ ಜರ್ಮನ್ ಭಾಷೆಯ ಐದು ನೂರಕ್ಕೂ ಹೆಚ್ಚು ಪತ್ರಿಕೆಗಳು ಆ ದೇಶದಲ್ಲಿ ಪ್ರಕಟವಾಗುತ್ತಿದ್ದವು. ದುಡಿಮೆ ಅಮೇರಿಕದ್ದು, ಹಾಡು ಜರ್ಮನಿಯದು. ಈ ಎರಡರ ನಡುವೆ ವಿರೋಧವಿದೆಯೆಂದು ಅವರಿಗೆ ತೋರಿರಲಿಲ್ಲ. ನೆರೆಯವರಿಗೂ ಅಷ್ಟಾಗಿ ತೋರಿರಲಿಲ್ಲ.

ಭಯಕ್ಕೆ ಕಾರಣವಿರಲಿಲ್ಲವೆ?

ಜರ್ಮನರ ವಿಷಯದಲ್ಲಿ ಅಮೇರಿಕನರಿಗೆ ಉಂಟಾದ ಭಯವು ಸಂಪೂರ್ಣ ಕಲ್ಪಿತವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. 1915ರ ಮೇ 7ರಂದು ಜರ್ಮನ್ ಜಲಾಂತರ್ಗಾಮಿಯು ‘ಲೂಸಿಟೇನಿಯ’ ಎಂಬ ಪ್ರಯಾಣಿಕರ ಹಡಗನ್ನು ಮುಳುಗಿಸಿತು. ಸತ್ತವರಲ್ಲಿ ನೂರಕ್ಕೂ ಹೆಚ್ಚು ಅಮೇರಿಕನರಿದ್ದರು. 1916ರ ಜುಲೈ 30ರಂದು ನ್ಯೂಯಾರ್ಕ್ ಬಂದರಿನ ‘ಬ್ಲ್ಯಾಕ್ ಟಾಮ್’ ಎಂಬಲ್ಲಿ ಮದ್ದುಗುಂಡುಗಳ ರಾಶಿ ಸಿಡಿದದ್ದು ಜರ್ಮನ್ ಗುಪ್ತಚರರ ಕೃತ್ಯವೆಂದು ಮುಂದೆ ನಿರ್ಣಯವಾಯಿತು. 1917ರಲ್ಲಿ, ಮೆಕ್ಸಿಕೋವನ್ನು ಅಮೇರಿಕದ ಮೇಲೆ ಎತ್ತಿಕಟ್ಟಲು ಜರ್ಮನಿಯ ವಿದೇಶಾಂಗ ಸಚಿವ ಝಿಮ್ಮರ್‌ಮನ್ ಕಳುಹಿಸಿದ ತಂತಿಯೂ ಬಯಲಿಗೆ ಬಂತು.

ಕೈಸರನ ಸರಕಾರ ತಪ್ಪು ಮಾಡಿತ್ತು. ಅವನ ಗುಪ್ತಚರರು ತಪ್ಪು ಮಾಡಿದ್ದರು. ಆದರೆ ಸೇಂಟ್ ಲೂಯಿಸಿನಲ್ಲಿ ಬೆಳಗಿನ ಜಾವ ಹಿಟ್ಟು ನಾದುತ್ತಿದ್ದ ಭಟ್ಟಿಯವನು ಯಾವ ತಂತಿಯನ್ನು ಕಳುಹಿಸಿದ್ದ? ಈ ಪ್ರಶ್ನೆಯನ್ನು ಕೇಳುವ ವ್ಯವಧಾನ ಯಾರಿಗೂ ಉಳಿಯಲಿಲ್ಲ. ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು, ‘ಜರ್ಮನ್-ಅಮೇರಿಕನ್’ ಎಂದು ಎರಡು ಹೆಸರುಗಳ ನಡುವೆ ಗೀಟು ಹಾಕಿ ಬದುಕುವವನು ನಿಜವಾದ ಅಮೇರಿಕನನಲ್ಲವೆಂದು 1915ರಲ್ಲಿಯೇ ಸಾರಿದ್ದರು. ಅಧ್ಯಕ್ಷ ವುಡ್ರೋ ವಿಲ್ಸನ್ನರ ಭಾಷಣಗಳಲ್ಲಿಯೂ ಇದೇ ಶಂಕೆಯ ಧ್ವನಿಯಿತ್ತು. ದೊಡ್ಡವರು ಆಡಿದ ಮಾತು ಬೀದಿಗೆ ಇಳಿಯುವಾಗ ಕಲ್ಲಾಗುತ್ತದೆ.

ಕಾನೂನು ಮತ್ತು ಕಾವಲು

1917ರ ಏಪ್ರಿಲ್ 6ರಂದು ಅಮೇರಿಕ ಯುದ್ಧ ಸಾರಿತು. ಅದೇ ದಿನ ವಿಲ್ಸನ್ನರು 1798ರ ಒಂದು ಹಳೆಯ ಕಾನೂನನ್ನು ಹೊರಕ್ಕೆಳೆದರು. ಅದಕ್ಕೆ ‘ಶತ್ರುದೇಶೀಯರ ಕಾನೂನು’ ಎಂದು ಹೆಸರು. ಅಮೇರಿಕದ ಪೌರತ್ವ ಪಡೆಯದಿದ್ದ, 14 ವರ್ಷಕ್ಕೆ ಮೇಲ್ಪಟ್ಟ ಜರ್ಮನ್ ಪುರುಷರೆಲ್ಲರೂ ಇದಕ್ಕೆ ಒಳಪಟ್ಟರು. ಅವರು ಆಯುಧ ಇಟ್ಟುಕೊಳ್ಳಕೂಡದು, ಕೋಟೆ ಮತ್ತು ಮದ್ದಿನ ಮನೆಗಳ ಸಮೀಪ ಸುಳಿಯಕೂಡದು. 1918ರಲ್ಲಿ ಇವರೆಲ್ಲರೂ ಹೆಸರು ನೋಂದಾಯಿಸಿ, ಬೆರಳೊತ್ತಿ, ಭಾವಚಿತ್ರ ಅಂಟಿಸಿದ ಚೀಟಿಯನ್ನು ಸದಾ ಜೇಬಿನಲ್ಲಿಟ್ಟುಕೊಂಡು ತಿರುಗಬೇಕಾಯಿತು. ಕೆಲವು ತಿಂಗಳುಗಳ ತರುವಾಯ ಈ ನಿಯಮ ಹೆಂಗಸರಿಗೂ ಬಂತು. ಅಮೇರಿಕದಲ್ಲಿಯೇ ಹುಟ್ಟಿ ಬೆಳೆದು, ಪೌರತ್ವವಿಲ್ಲದ ಜರ್ಮನನನ್ನು ಮದುವೆಯಾದ ಹೆಣ್ಣುಮಗಳೂ ‘ಶತ್ರು’ವಾದಳು, ಗಂಡನ ದೇಶವೇ ಹೆಂಡತಿಯ ದೇಶವೆಂದು ಆಗಿನ ಕಾನೂನು ಹೇಳುತ್ತಿತ್ತು.

ಅನುಮಾನಕ್ಕೊಳಗಾದವರನ್ನು ಜಾರ್ಜಿಯದ ಫೋರ್ಟ್ ಓಗಲ್‌ಥಾರ್ಪ್, ಯೂಟಾದ ಫೋರ್ಟ್ ಡಗ್ಲಸ್ ಮೊದಲಾದ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಬಾಸ್ಟನ್ ನಗರದ ವಾದ್ಯಮೇಳದ ನಿರ್ದೇಶಕ, ಜಗತ್ಪ್ರಸಿದ್ಧ ಸಂಗೀತಗಾರ ಕಾರ್ಲ್ ಮುಕ್ ಅವರಲ್ಲೊಬ್ಬರು. ಒಂದು ಕಚೇರಿಯಲ್ಲಿ ಅವರು ಅಮೇರಿಕದ ರಾಷ್ಟ್ರಗೀತವನ್ನು ನುಡಿಸಲು ನಿರಾಕರಿಸಿದರೆಂದು 1917ರ ಅಕ್ಟೋಬರಿನಲ್ಲಿ ಪತ್ರಿಕೆಗಳು ಬೊಬ್ಬೆ ಎಬ್ಬಿಸಿದವು. ಹಾಗೆ ನುಡಿಸಬೇಕೆಂಬ ಕೋರಿಕೆಯನ್ನು ಮೇಳದ ವ್ಯವಸ್ಥಾಪಕರು ಅವರಿಗೆ ತಿಳಿಸಿಯೇ ಇರಲಿಲ್ಲ. ಮುಂದಿನ ಕಚೇರಿಗಳಲ್ಲಿ ಅವರು ಅದನ್ನು ನುಡಿಸಿದರೂ ಹೊತ್ತಿಕೊಂಡ ಬೆಂಕಿ ಆರಲಿಲ್ಲ. 1918ರ ಮಾರ್ಚಿನಲ್ಲಿ ಬಂಧಿತರಾದ ಅವರು ಮರುವರ್ಷ ದೇಶದಿಂದ ಹೊರಗೆ ಕಳುಹಿಸಲ್ಪಟ್ಟರು.

ಸರಕಾರದ ಕಾವಲು ಸಾಲದೆಂದು ಖಾಸಗಿ ಕಾವಲೂ ಹುಟ್ಟಿತು. ‘ಅಮೇರಿಕನ್ ಪ್ರೊಟೆಕ್ಟಿವ್ ಲೀಗ್’ ಎಂಬ ಸಂಘವು ನ್ಯಾಯ ಇಲಾಖೆಯ ಸಮ್ಮತಿಯಿಂದಲೇ ಸುಮಾರು ಎರಡೂವರೆ ಲಕ್ಷ ಜನರನ್ನು ಸೇರಿಸಿ ನೆರೆಹೊರೆಯವರ ಮೇಲೆ ಗೂಢಚರ್ಯೆ ನಡೆಸಿತು. ಯುದ್ಧದ ಸಾಲಪತ್ರಗಳನ್ನು ಕೊಳ್ಳದವರ ಮನೆಗಳಿಗೆ ಹಳದಿ ಬಣ್ಣ ಬಳಿಯುವುದು, ದಾರಿಯಲ್ಲಿ ಹಿಡಿದು ಧ್ವಜಕ್ಕೆ ಮುತ್ತಿಡಿಸುವುದು, ಮೈಗೆ ಡಾಂಬರು ಬಳಿದು ಪುಕ್ಕ ಅಂಟಿಸುವುದು ನಡೆಯಿತು. ಸಿನ್ಸಿನಾಟಿಯಲ್ಲಿ ‘ಜರ್ಮನ್ ಬೀದಿ’ಯು ‘ಇಂಗ್ಲಿಷ್ ಬೀದಿ’ಯಾಯಿತು, ‘ಬರ್ಲಿನ್ ಬೀದಿ’ಗೆ ಅಧ್ಯಕ್ಷ ವುಡ್ರೋ ವಿಲ್ಸನ್ನರ ಹೆಸರು ಬಂತು.

ಒಬ್ಬ ಕೂಲಿಕಾರನ ಕಥೆ

ಡ್ರೆಸ್ಡನ್ ನಗರದಲ್ಲಿ ಹುಟ್ಟಿದ ರಾಬರ್ಟ್ ಪ್ರೇಗರ್ 1905ರಲ್ಲಿ, ಹದಿನೇಳರ ಹರೆಯದಲ್ಲಿ, ಹೊಟ್ಟೆಪಾಡಿಗಾಗಿ ಅಮೇರಿಕಕ್ಕೆ ಬಂದ. ಕಸುಬಿನಿಂದ ರೊಟ್ಟಿ ಬೇಯಿಸುವವನು. ಹಲವು ಊರುಗಳಲ್ಲಿ ದುಡಿದು ಕೊನೆಗೆ ಇಲಿನಾಯ್ ಸಂಸ್ಥಾನದ ಕಾಲಿನ್ಸ್‌ವಿಲ್ ಎಂಬ ಊರಿಗೆ ಬಂದು, ಹೆಚ್ಚಿನ ಕೂಲಿಯ ಆಸೆಯಿಂದ ಕಲ್ಲಿದ್ದಲ ಗಣಿಗೆ ಸೇರಬಯಸಿದ. ಅಮೇರಿಕದ ಪೌರತ್ವಕ್ಕೆ ಅರ್ಜಿ ಹಾಕಿದ್ದ. ಯುದ್ಧ ಬಂದಾಗ ನೌಕಾದಳಕ್ಕೆ ಸೇರಲು ತಾನಾಗಿಯೇ ಹೋದ. ಒಂದು ಕಣ್ಣು ಗಾಜಿನದಾಗಿದ್ದುದರಿಂದ ಅವನನ್ನು ತೆಗೆದುಕೊಳ್ಳಲಿಲ್ಲ.

ಗಣಿ ಕಾರ್ಮಿಕರ ಸಂಘವು ಅವನಿಗೆ ಸದಸ್ಯತ್ವ ಕೊಡಲು ನಿರಾಕರಿಸಿತು. ಸದಸ್ಯತ್ವವಿಲ್ಲದೆ ಗಣಿಯಲ್ಲಿ ಕೆಲಸವಿಲ್ಲ. ಸಿಟ್ಟಿಗೆದ್ದ ಪ್ರೇಗರ್, ಸಂಘದ ಅಧ್ಯಕ್ಷ ತನ್ನ ಅನ್ನಕ್ಕೆ ಕಲ್ಲು ಹಾಕಿದನೆಂದು ಪತ್ರ ಬರೆದು ಗಣಿಯ ಬಳಿ ಅಂಟಿಸಿದ. ಇಷ್ಟೇ ಅವನ ಅಪರಾಧ. ಕೂಲಿಯ ಜಗಳ ಒಂದೇ ದಿನದಲ್ಲಿ ದೇಶದ್ರೋಹದ ವೇಷ ತೊಟ್ಟಿತು.

1918ರ ಏಪ್ರಿಲ್ 4ರ ರಾತ್ರಿ ಗುಂಪೊಂದು ಅವನನ್ನು ಮನೆಯಿಂದ ಹೊರಗೆಳೆದು, ಧ್ವಜ ಸುತ್ತಿ, ಬರಿಗಾಲಿನಲ್ಲಿ ಬೀದಿಯಲ್ಲಿ ನಡೆಸಿತು. ಪೋಲೀಸರು ಅವನನ್ನು ಬಿಡಿಸಿ ಠಾಣೆಯಲ್ಲಿ ಅಡಗಿಸಿಟ್ಟರು. ಗುಂಪು ಅಲ್ಲಿಗೂ ನುಗ್ಗಿ ಹುಡುಕಿ ತೆಗೆಯಿತು. ನಡುರಾತ್ರಿ ಮೀರಿದ ಮೇಲೆ ಊರ ಹೊರಗಿನ ಮರವೊಂದರ ಕೆಳಗೆ, ತಂದೆತಾಯಿಗಳಿಗೆ ಕಾಗದ ಬರೆಯಲು ಅವನಿಗೆ ಅವಕಾಶ ಕೊಟ್ಟರು. ತಾನು ಇಂದು ಸಾಯಬೇಕಾಗಿದೆ, ತನಗಾಗಿ ಪ್ರಾರ್ಥಿಸಿರಿ ಎಂದು ಅವನು ನಾಲ್ಕು ಸಾಲು ಬರೆದ. ಬಳಿಕ ನೂರಾರು ಜನರ ಎದುರಿನಲ್ಲಿ ಅವನನ್ನು ಆ ಮರಕ್ಕೆ ಗಲ್ಲಿಗೇರಿಸಿದರು. ಆಗ ಅವನಿಗೆ ಮೂವತ್ತು ವರ್ಷ.

ಹನ್ನೊಂದು ಮಂದಿಯ ಮೇಲೆ ಮೊಕದ್ದಮೆ ನಡೆಯಿತು. ಜ್ಯೂರಿಯವರು ಅಲ್ಪ ಸಮಯದಲ್ಲಿಯೇ ಎಲ್ಲರನ್ನೂ ನಿರ್ದೋಷಿಗಳೆಂದು ಬಿಟ್ಟುಬಿಟ್ಟರು. ಇಂತಹ ಗುಂಪುಹತ್ಯೆಗಳು ಪ್ರಜಾಪ್ರಭುತ್ವಕ್ಕೆ ಮಾಡಿದ ದ್ರೋಹವೆಂದು ಅಧ್ಯಕ್ಷ ವಿಲ್ಸನ್ನರು ಖಂಡಿಸಿದ್ದು ಜುಲೈ ತಿಂಗಳ ಕೊನೆಯಲ್ಲಿ. ಪ್ರೇಗರ್ ಮಣ್ಣಾಗಿ ಆಗಲೇ ಮೂರು ತಿಂಗಳು ಕಳೆದಿತ್ತು.

ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅವನನ್ನು ಕೊಂದವರು ಕೈಸರನನ್ನು ಕಂಡವರಲ್ಲ. ಅವನಂತೆಯೇ ದಿನಗೂಲಿಗೆ ದುಡಿಯುವವರು. ಕೆಲಸದ ಪೈಪೋಟಿ, ಹಳೆಯ ಸಿಟ್ಟು, ಸಾಲದ ತಕರಾರು ಇವುಗಳಿಗೆಲ್ಲ ಯುದ್ಧಕಾಲದಲ್ಲಿ ಒಂದು ಪವಿತ್ರವಾದ ಹೆಸರು ಸಿಕ್ಕಿಬಿಡುತ್ತದೆ.

ಪತ್ರಿಕೆಗಳ ಪಾಡು, ಮಾತಿನ ಪಾಡು

1917ರ ಅಕ್ಟೋಬರಿನಲ್ಲಿ ಬಂದ ಕಾನೂನಿನ ಪ್ರಕಾರ, ಪರಭಾಷೆಯ ಪತ್ರಿಕೆಗಳು ಸರಕಾರ ಅಥವಾ ಯುದ್ಧದ ಕುರಿತು ಏನನ್ನು ಅಚ್ಚುಮಾಡಿದರೂ ಅದರ ಇಂಗ್ಲಿಷ್ ಅನುವಾದವನ್ನು ಊರಿನ ಪೋಸ್ಟ್‌ಮಾಸ್ಟರರಿಗೆ ಒಪ್ಪಿಸಬೇಕಾಗಿತ್ತು. ಸರಕಾರದ ನಂಬುಗೆಗೆ ಪಾತ್ರವಾದ ಪತ್ರಿಕೆಗೆ ಮಾತ್ರ ವಿನಾಯಿತಿ. ಸಣ್ಣ ಪತ್ರಿಕೆಯೊಂದನ್ನು ನಡೆಸುವವನಿಗೆ ಇದರ ಅರ್ಥ ಬೇಗ ಆಗುತ್ತದೆ. ಸಂಪಾದಕನೂ ಗುಮಾಸ್ತನೂ ತಾನೇ ಆಗಿ, ಮೊಳೆ ಜೋಡಿಸುವವನಿಗೆ ಸಂಬಳ ಹೊಂದಿಸುವುದೇ ಕಷ್ಟವಾಗಿರುವಾಗ, ಪ್ರತಿ ಸಂಚಿಕೆಗೂ ಅನುವಾದಕನನ್ನು ಎಲ್ಲಿಂದ ತರಬೇಕು? ಅನೇಕ ಪತ್ರಿಕೆಗಳು ನಿಂತುಹೋದವು. ಉಳಿದವು ಯುದ್ಧದ ವಿಷಯವನ್ನೇ ಬಿಟ್ಟುಕೊಟ್ಟವು. 1920ರ ಹೊತ್ತಿಗೆ ಜರ್ಮನ್ ಪತ್ರಿಕೆಗಳ ಸಂಖ್ಯೆ 1910ರಲ್ಲಿ ಇದ್ದುದರ ಅರ್ಧಕ್ಕಿಂತ ಕಡಿಮೆಯಾಗಿತ್ತು. ಜಾಹೀರಾತುದಾರ ಹಿಂದೆಗೆದ, ಚಂದಾದಾರ ಹೆದರಿದ. ಪತ್ರಿಕೆ ಸಾಯಲು ಇವೆರಡೇ ಸಾಕು.

ಅಯೋವಾ ಸಂಸ್ಥಾನದ ಗವರ್ನರ್ ವಿಲಿಯಂ ಹಾರ್ಡಿಂಗ್ 1918ರ ಮೇ 23ರಂದು ಒಂದು ಘೋಷಣೆ ಹೊರಡಿಸಿದರು. ಶಾಲೆಯಲ್ಲಿ, ಸಾರ್ವಜನಿಕ ಸ್ಥಳದಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲಿ, ಇಗರ್ಜಿಯ ಪ್ರವಚನದಲ್ಲಿ ಸಹ ಇಂಗ್ಲಿಷಲ್ಲದೆ ಬೇರೆ ಭಾಷೆ ಕೇಳಿಸಕೂಡದು. ಜರ್ಮನರಷ್ಟೇ ಅಲ್ಲ, ನಾರ್ವೆಯವರೂ ಡೇನರೂ ಇದರ ಕೆಳಗೆ ನಲುಗಿದರು. ಟೆಲಿಫೋನಿನಲ್ಲಿ ಜರ್ಮನ್ ಮಾತನಾಡಿದ್ದಕ್ಕಾಗಿ ರೈತರ ಮನೆಯ ಹೆಂಗಸರು ದಂಡ ತೆತ್ತರು. ಇಂಗ್ಲಿಷ್ ಬಾರದ ಮುದುಕಿಯೊಬ್ಬಳು ತನ್ನ ದೇವರ ಮಾತನ್ನು ಯಾವ ಭಾಷೆಯಲ್ಲಿ ಕೇಳಬೇಕಾಗಿತ್ತು?

ಒಬ್ಬ ಮೇಷ್ಟರ ಧೈರ್ಯ

1918ರ ನವೆಂಬರಿನಲ್ಲಿ ಯುದ್ಧ ಮುಗಿಯಿತು, ದ್ವೇಷ ಮುಗಿಯಲಿಲ್ಲ. 1919ರಲ್ಲಿ ನೆಬ್ರಾಸ್ಕ ಸಂಸ್ಥಾನವು ಎಂಟನೆಯ ತರಗತಿ ಮುಗಿಸದ ಯಾವ ಮಗುವಿಗೂ ಇಂಗ್ಲಿಷಲ್ಲದ ಆಧುನಿಕ ಭಾಷೆಯನ್ನು ಕಲಿಸಕೂಡದೆಂದು ಕಾನೂನು ಮಾಡಿತು. ಅಲ್ಲಿಯ ಹ್ಯಾಂಪ್ಟನ್ ಎಂಬ ಹಳ್ಳಿಯ ಸಮೀಪದ ಇಗರ್ಜಿ ಶಾಲೆಯಲ್ಲಿ ರಾಬರ್ಟ್ ಮೇಯರ್ ಎಂಬ ಮೇಷ್ಟರಿದ್ದರು. 1920ರ ಮೇ 25ರಂದು ಅವರು ಹತ್ತು ವರ್ಷದ ಬಾಲಕನೊಬ್ಬನಿಗೆ ಜರ್ಮನ್ ಭಾಷೆಯಲ್ಲಿ ಬೈಬಲಿನ ಕಥೆಯನ್ನು ಓದಿಸುತ್ತಿದ್ದಾಗ ಸರಕಾರಿ ವಕೀಲರು ಶಾಲೆಗೆ ಬಂದರು. ಮೇಷ್ಟರಿಗೆ 25 ಡಾಲರ್ ದಂಡ ವಿಧಿಸಲಾಯಿತು.

ದಂಡ ಕಟ್ಟಿ ಸುಮ್ಮನಾಗಬಹುದಿತ್ತು. ಮೇಯರ್ ಸುಮ್ಮನಾಗಲಿಲ್ಲ. ಸಂಸ್ಥಾನದ ಶ್ರೇಷ್ಠ ನ್ಯಾಯಾಲಯದಲ್ಲಿ ಸೋತರೂ ಬಿಡದೆ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋದರು. 1923ರ ಜೂನ್ 4ರಂದು ಒಂಬತ್ತು ನ್ಯಾಯಾಧೀಶರಲ್ಲಿ ಏಳು ಮಂದಿ ಅವರ ಪರವಾಗಿ ತೀರ್ಪಿತ್ತರು. ಸಂವಿಧಾನದ ರಕ್ಷಣೆ ಇಂಗ್ಲಿಷ್ ಮಾತೃಭಾಷೆಯವರಿಗೆ ಮಾತ್ರ ಮೀಸಲಲ್ಲ, ಬೇರೆ ಭಾಷೆಯನ್ನಾಡುವವರಿಗೂ ಅದು ಸಲ್ಲುತ್ತದೆಂಬುದು ನ್ಯಾಯಮೂರ್ತಿ ಮ್ಯಾಕ್‌ರೆನಾಲ್ಡ್ಸ್ ಬರೆದ ಆ ತೀರ್ಪಿನ ಸಾರ. ಇಂಥದೇ ಕಾನೂನುಗಳು ಅಯೋವಾ, ಒಹಾಯೋಗಳಲ್ಲಿಯೂ ಅದೇ ದಿನ ಬಿದ್ದವು. ಒಬ್ಬ ಹಳ್ಳಿಯ ಮೇಷ್ಟರ 25 ಡಾಲರಿನ ತಕರಾರು ಒಂದು ರಾಷ್ಟ್ರದ ನ್ಯಾಯಶಾಸ್ತ್ರದಲ್ಲಿ ಆಧಾರಸ್ತಂಭವಾಗಿ ನಿಂತಿತು.

ಆದರೆ ಗೆದ್ದ ಭಾಷೆಯನ್ನು ಓದುವವರು ಆಗ ಎಷ್ಟು ಜನ ಉಳಿದಿದ್ದರು? 1915ರಲ್ಲಿ ಅಮೇರಿಕದ ಹೈಸ್ಕೂಲು ವಿದ್ಯಾರ್ಥಿಗಳಲ್ಲಿ ಸುಮಾರು ಕಾಲುಭಾಗ ಜನ ಜರ್ಮನ್ ಕಲಿಯುತ್ತಿದ್ದರು. 1922ರಲ್ಲಿ ಹಾಗೆ ಕಲಿಯುವವರು ನೂರಕ್ಕೆ ಒಬ್ಬರೂ ಇರಲಿಲ್ಲ. ಕಾನೂನು ಭಾಷೆಯನ್ನು ಕೊಲ್ಲಲಿಲ್ಲ, ನಾಚಿಕೆ ಕೊಂದಿತು. ಮಕ್ಕಳು ಬೀದಿಯಲ್ಲಿ ಮಾತನಾಡಿಯಾರೆಂಬ ಹೆದರಿಕೆಯಿಂದ ಮನೆಯಲ್ಲಿಯೇ ತಂದೆತಾಯಿಗಳು ಮಾತು ಬದಲಾಯಿಸಿದರು. ಒಂದು ತಲೆಮಾರು ಕಳೆಯುವಷ್ಟರಲ್ಲಿ ಮೊಮ್ಮಗನಿಗೆ ಅಜ್ಜಿಯ ಕಾಗದ ಓದಲು ಬರಲಿಲ್ಲ.

ನಮ್ಮ ಮಂಗಳೂರಿನಲ್ಲಿ

ಅದೇ ಯುದ್ಧದ ಬಿಸಿ ನಮ್ಮ ಊರಿಗೂ ತಾಗಿತ್ತೆಂಬುದನ್ನು ನಮ್ಮಲ್ಲಿ ಹಲವರು ಮರೆತಿದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಅದರ ಮಿಶನರಿಗಳಲ್ಲಿ ಬಹುಮಂದಿ ಜರ್ಮನರು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಜರ್ಮನರು. 1894ರಲ್ಲಿ ಕನ್ನಡ-ಇಂಗ್ಲಿಷ್ ಮಹಾನಿಘಂಟನ್ನು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ ಜರ್ಮನರು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರಖಾನೆ ಆರಂಭಿಸಿದ ಪ್ಲೆಬ್ಸ್ಟ್ ಕೂಡ ಅವರವರೇ.

1914ರಲ್ಲಿ ಯುದ್ಧ ಆರಂಭವಾದೊಡನೆ ಬ್ರಿಟಿಷ್ ಸರಕಾರಕ್ಕೆ ಇವರ ಉತ್ತರಾಧಿಕಾರಿಗಳೆಲ್ಲ ಶತ್ರುಗಳಾದರು. ಜರ್ಮನ್ ಮಿಶನರಿಗಳನ್ನು ಅಹಮದ್‌ನಗರವೇ ಮೊದಲಾದ ಶಿಬಿರಗಳಲ್ಲಿಟ್ಟು ಬಳಿಕ ದೇಶದಿಂದ ಹೊರಗೆ ಸಾಗಿಸಿದರು. ಮಿಶನ್ನಿನ ನೇಯ್ಗೆ ಮತ್ತು ಹಂಚಿನ ಕಾರಖಾನೆಗಳು ‘ಕಾಮನ್‌ವೆಲ್ತ್ ಟ್ರಸ್ಟ್’ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದವು. ಕನ್ನಡದ ಶಬ್ದಗಳನ್ನು ಒಂದೊಂದಾಗಿ ಕೂಡಿಸಿಕೊಟ್ಟವರ ಬಳಗಕ್ಕೆ ಕನ್ನಡ ನಾಡಿನಲ್ಲಿ ಇರಲು ಸ್ಥಳವಿಲ್ಲದಾಯಿತು.

ಪಾಠ

ಎರಡನೆಯ ಮಹಾಯುದ್ಧದಲ್ಲಿ ಅಮೇರಿಕ ಜರ್ಮನ್ ಮೂಲದ ಸುಮಾರು 11,000 ಜನರನ್ನು ಶಿಬಿರಗಳಲ್ಲಿಟ್ಟಿತು. ಆದರೆ ಆ ಸಲ ಪೆಟ್ಟು ಬಿದ್ದದ್ದು ಮುಖ್ಯವಾಗಿ ಜಪಾನೀಯರ ಮೇಲೆ: ಸುಮಾರು 1,20,000 ಜನರು, ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೇರಿಕದ ಪೌರರೇ. ಅವರಿಗೆ ಸರಕಾರ ಕ್ಷಮೆ ಕೇಳಿ ಪರಿಹಾರ ಕೊಟ್ಟದ್ದು 1988ರಲ್ಲಿ. 1798ರ ಆ ಹಳೆಯ ಕಾನೂನನ್ನು 2025ರಲ್ಲಿ ವೆನೆಜುವೆಲದವರ ಮೇಲೆ ಮತ್ತೆ ಪ್ರಯೋಗಿಸಲಾಯಿತು. ಪರರನ್ನು ದೂರುವ ಮೊದಲು ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. 1962ರ ಚೀನಾ ಯುದ್ಧದ ಸಮಯದಲ್ಲಿ, ತಲೆಮಾರುಗಳಿಂದ ಇಲ್ಲಿಯೇ ಬಾಳಿದ್ದ ಚೀನೀ ಮೂಲದ ಸಾವಿರಾರು ಜನರನ್ನು ನಾವು ರಾಜಸ್ಥಾನದ ದೇವಲಿ ಶಿಬಿರಕ್ಕೆ ಕಳುಹಿಸಿದೆವು.

ಪರಸ್ಥಳದಲ್ಲಿರುವ ನಾವು ಎರಡು ಮಾತುಗಳನ್ನು ನೆನಪಿಡಬೇಕು. ಉಂಡ ನೆಲಕ್ಕೆ ನಿಷ್ಠೆಯಿಂದಿರುವುದು, ಆ ನೆಲದ ಭಾಷೆಯನ್ನು ಕಲಿತು ಗೌರವಿಸುವುದು ನಮ್ಮ ಧರ್ಮ. ಆದರೆ ಅದಕ್ಕಾಗಿ ಸ್ವಂತ ಭಾಷೆಯನ್ನು ಮನೆಯೊಳಗೇ ಹೂಳಬೇಕಾಗಿಲ್ಲ. ಮೇಯರ್ ಮೇಷ್ಟರು ಒಳ್ಳೆಯ ಅಮೇರಿಕನರಾಗಿಯೇ ಜರ್ಮನ್ ಕಲಿಸಿದರು.

ಎರಡನೆಯದು ಇದಕ್ಕಿಂತ ಕಠಿಣ. ನಮ್ಮ ಹೋಟೆಲುಗಳ ಒಳಗೆ ಇಂದು ಹಿಟ್ಟು ರುಬ್ಬುವವನು, ಲೋಟ ತೊಳೆಯುವವನು ಯಾವುಯಾವುದೋ ದೂರದ ಪ್ರಾಂತದಿಂದ ಬಂದಿರುತ್ತಾನೆ. ಅವನ ಊರಿನ ಕಡೆಯಿಂದ ಕೆಟ್ಟ ಸುದ್ದಿಯೊಂದು ಬಂದ ದಿನ ಗಲ್ಲೆಯ ಮೇಲಿರುವವನೂ ಮೇಜು ಒರೆಸುವವನೂ ಅವನನ್ನು ಯಾವ ಕಣ್ಣಿನಿಂದ ನೋಡುತ್ತಾರೆ? ಕಾಲಿನ್ಸ್‌ವಿಲ್ಲಿನ ಗುಂಪಿನಲ್ಲಿದ್ದವರು ರಾಕ್ಷಸರಾಗಿರಲಿಲ್ಲ. ಮರುದಿನ ಎದ್ದು ಎಂದಿನಂತೆ ಕೆಲಸಕ್ಕೆ ಹೋದ ಸಾಮಾನ್ಯರು. ಆ ರಾತ್ರಿ ಅವರಲ್ಲಿ ಹತ್ತು ಜನ ಪ್ರೇಗರನ ಹೆಸರು ಹಿಡಿದು, ‘ಇವನು ನಮ್ಮ ಜತೆ ದುಡಿಯುವವನು’ ಎಂದು ಅಡ್ಡ ನಿಂತಿದ್ದರೆ ಡ್ರೆಸ್ಡನ್ನಿನ ಆ ಮುದಿ ತಂದೆತಾಯಿಗಳಿಗೆ ಮಗನಿಂದ ಬೇರೊಂದು ಕಾಗದ ಹೋಗುತ್ತಿತ್ತು.